ಹೂಳಿಗೆ ಮೊದಲು ಕಾಲುವೆ, ಕೋಡಿ

2021ರ ನವೆಂಬರ್ ತಿಂಗಳಿನ ಭಾರಿ ಮಳೆಗೆ ಕೋಲಾರ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದವು. ಎರಡೇ ವರ್ಷಗಳ ನಂತರ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಮಳೆ ಬಾರದಿರುವುದು ಒಂದು ಕಷ್ಟ, ಬಂದಾಗ ಒಮ್ಮೆಲೇ ಸುರಿಯುವುದು ಇನ್ನೊಂದು. ವಾಯುಗುಣ ಬದಲಾಗುತ್ತಿರುವ ಈ ದಿನಗಳಲ್ಲಿ ನಮ್ಮ ಕೆರೆಗಳು ಇವೆರಡಕ್ಕೂ ಸಿದ್ಧವಾಗಿರಬೇಕು.

ಕೆರೆ ದುರಸ್ತಿ ಎಂದೊಡನೆ ರೈತರು ಹೂಳಿನ ಮಾತೆತ್ತುತ್ತಾರೆ. ಇದು ತಪ್ಪಲ್ಲ. 10 ಹೆಕ್ಟೇರ್ ವಿಸ್ತಾರದ ಅಂಗಳದಲ್ಲಿ 30 ಸೆಂ.ಮೀ. ಹೂಳು ತೆಗೆದರೆ 30,000 ಘನ ಮೀಟರ್ ನೀರಿಗೆ ಸ್ಥಳ ದೊರೆಯುತ್ತದೆ. ಇದರಲ್ಲಿ ಅರ್ಧ ಭಾಗ ಆವಿಯಾಗಿ, ಇಂಗಿ ಹೋದರೂ ಉಳಿದ ನೀರಿನಿಂದ 30 ಹೆಕ್ಟೇರ್ ರಾಗಿಗೆ 5 ಸೆಂ.ಮೀ.ನಷ್ಟು ಒಂದು ರಕ್ಷಣಾ ನೀರಾವರಿ ಕೊಡಬಹುದು. ತೆಗೆದ ಕೆರೆಗೋಡು ಮರಳು ಮಿಶ್ರಿತ ಕೆಂಪು ಭೂಮಿಗೆ ಒಳ್ಳೆಯದು. ಆದರೆ ರಾಜಕಾಲುವೆ ಒತ್ತುವರಿಯಾಗಿ ಮುಚ್ಚಿದ್ದರೆ ತೋಡಿದ ಗುಂಡಿಗೆ ನೀರು ಬರುವುದಾದರೂ ಎಲ್ಲಿಂದ? ಆದುದರಿಂದ ಮೊದಲು ಕಾಲುವೆಯ ಉದ್ದಕ್ಕೂ ನಡೆದು ನೋಡಬೇಕು. ಏರಿಯ ಬುಡದಲ್ಲಿ ಮಣ್ಣು ತೆಗೆಯಕೂಡದು.

ಇನ್ನು ಕೋಡಿಯ ವಿಚಾರ. ನೀರು ಹೆಚ್ಚು ನಿಲ್ಲಲೆಂದು ಕೋಡಿಯ ಮೇಲೆ ಮರಳುಚೀಲ ಅಥವಾ ಕಲ್ಲು ಒಟ್ಟುವ ರೂಢಿ ಕೆಲವೆಡೆ ಇದೆ. ಅಚ್ಚುಕಟ್ಟಿನ ರೈತರಿಗೆ ಬೇಸರವಾದರೂ ಹೇಳಲೇಬೇಕು: ಇದು ಅಪಾಯ. ಕೋಡಿಯ ಅಗಲ ಅರ್ಧಕ್ಕಿಳಿದರೆ, ಮೊದಲು ಅದರ ಮೇಲೆ 50 ಸೆಂ.ಮೀ. ಆಳದಲ್ಲಿ ಹರಿಯುತ್ತಿದ್ದ ಪ್ರವಾಹ ಅಷ್ಟೇ ವೇಗವಾಗಿ ಖಾಲಿಯಾಗಲು ಸುಮಾರು 80 ಸೆಂ.ಮೀ. ಏರಬೇಕಾಗುತ್ತದೆ. ಆ 30 ಸೆಂ.ಮೀ. ಹೆಚ್ಚಳ ಏರಿಯ ತಗ್ಗಾದ ಜಾಗವನ್ನು ಮುಟ್ಟಿದರೆ ಸಾಕು. ಮಣ್ಣಿನ ಏರಿಯ ಮೇಲೆ ನೀರು ಹರಿಯತೊಡಗಿತೆಂದರೆ ಅದು ಕೊರೆದುಕೊಂಡು ಹೋಗಲು ಹೆಚ್ಚು ಹೊತ್ತು ಬೇಡ. ಒಡೆದ ಕೆರೆಯ ನೀರು ಕೆಳಗಿನ ಕೆರೆಯನ್ನೂ ಒಡೆಯಬಲ್ಲದು, ಏಕೆಂದರೆ ಬಯಲುಸೀಮೆಯ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದಿವೆ.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಂತರ್ಜಲ ಹೆಚ್ಚಿಸುವುದು ಇದರ ಉದ್ದೇಶ. ಬರಗಾಲದಲ್ಲಿ ಇದೊಂದು ಆಸರೆಯೇ ಸರಿ. ಆದರೆ ಮಳೆಗಾಲಕ್ಕೆ ಮೊದಲೇ ತುಂಬಿರುವ ಕೆರೆಯಲ್ಲಿ ಹೊಸ ಮಳೆಗೆ ಜಾಗವಿಲ್ಲ. ಬಿದ್ದ ಮಳೆಯೆಲ್ಲ ನೇರವಾಗಿ ಕೋಡಿಗೇ ಬರುತ್ತದೆ. ಅಂಥ ಊರಿನವರು ಕೋಡಿಯನ್ನೂ ಕೋಡಿಹಳ್ಳವನ್ನೂ ಉಳಿದವರಿಗಿಂತ ಹೆಚ್ಚು ಎಚ್ಚರದಿಂದ ಕಾಯಬೇಕು.

ಮೇ ತಿಂಗಳಿನಲ್ಲೇ ಈ ಕೆಲಸ ಮುಗಿಸುವುದು ಲೇಸು. ಏರಿಯ ಮೇಲಿನ ಜಾಲಿಗಿಡಗಳನ್ನು ಬೇರು ಬಲಿಯುವ ಮುನ್ನವೇ ಕೀಳಬೇಕು. ಇಲಿ, ಹೆಗ್ಗಣಗಳ ಬಿಲಗಳಿಗೆ ಜಿಗುಟು ಮಣ್ಣು ತುಂಬಿ ದಮ್ಮಸು ಮಾಡಬೇಕು. ತೂಬನ್ನು ಒಮ್ಮೆ ತೆಗೆದು ಮುಚ್ಚಿ ಪರೀಕ್ಷಿಸಬೇಕು. ತೂಬುಗಲ್ಲಿನ ಮೇಲೆ ಕೋಡಿಯ ಮಟ್ಟಕ್ಕೆ ಸುಣ್ಣದ ಗೆರೆ ಎಳೆದಿಟ್ಟರೆ, ರಾತ್ರಿ ಮಳೆ ಹಿಡಿದಾಗ ನೀರುಗಂಟಿ ಬ್ಯಾಟರಿ ಬಿಟ್ಟು ನೋಡಿ ಊರಿಗೆ ಸುದ್ದಿ ಮುಟ್ಟಿಸಬಹುದು.