ಮೊದಲ ಹಡಗಿಗೆ ಎಷ್ಟು ದುಡ್ಡು?

ಎರಡು ವರ್ಷದ ಹಿಂದೆ ಅಡಿಕೆ ಮಾರಿದ ದುಡ್ಡಿನಲ್ಲಿ 31,000 ರೂಪಾಯಿ ಕೊಟ್ಟು ಮರದ ಹಾಯಿಹಡಗಿನ ಮಾದರಿಯ ಕಿಟ್ ತರಿಸಿದೆ. ಮೂರು ಕೂವೆಮರದ ಯುದ್ಧನೌಕೆ. ಸಲಕರಣೆಗೆ ಮತ್ತೆ 9,000. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ನಮ್ಮ ಮನೆಯಲ್ಲಿ ಮಳೆಗಾಲದ ಸಂಜೆಗಳು ಉದ್ದ. ಕೈಗೊಂದು ಕೆಲಸ ಇರಲಿ ಅನ್ನಿಸಿತ್ತು.

ಬೆಲೆ ಯಾಕಿಷ್ಟು ಅಂದರೆ, ಇಂಥ ಮಾದರಿಗಳು ಆಮದು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಜೊತೆಗೇ ಬರುತ್ತವೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ವ್ಯಾಪಾರಿ ತರಿಸಿ ಮಾರುವಾಗ ಆ ಭಾರವೆಲ್ಲ ನಮ್ಮ ತಲೆಗೇ.

ಆದರೆ ನನ್ನ ದುಡ್ಡು ಹೋದದ್ದು ಸುಂಕದಿಂದಲ್ಲ. ಜುಲೈ ತೇವಕ್ಕೆ ಪ್ಲೈವುಡ್ಡಿನ ಬೆನ್ನುಹಲಗೆ ಬಾಗಿತು. ಒಂದು ಕಣ್ಣು ಮುಚ್ಚಿ ಮೂತಿಯ ಕಡೆಯಿಂದ ನೋಡಿದರೆ ಎರಡು ಮಿಲಿಮೀಟರ್ ಬಲಕ್ಕೆ ಸೊಟ್ಟ. ಅದರ ಮೇಲೆಯೇ ಮರದ ಪಟ್ಟಿ ಅಂಟಿಸಿದೆ. ಹೊಟ್ಟೆಯ ಹತ್ತಿರ ಪೂರ್ತಿ ಅಗಲವಿರುವ ಪಟ್ಟಿಯನ್ನು ಮೂತಿಗೆ ಬರುವಾಗ ಕೆತ್ತಿ ಸಪೂರ ಮಾಡಬೇಕು. ಮಾಡದಿದ್ದರೆ ಒಂದರ ಮೇಲೊಂದು ಹತ್ತುತ್ತವೆ. ಹತ್ತಿದವು. ಹಡಗು ಅಟ್ಟ ಸೇರಿತು, 40,000 ರೂಪಾಯಿಯೂ ಅದರ ಜೊತೆಗೇ.

ನಮ್ಮ ಸೊರಬ, ಸಾಗರ ಗುಡಿಗಾರರ ಊರುಗಳು. ಗಂಧದ ಕೆತ್ತನೆ ಇಲ್ಲಿ ತಲೆಮಾರುಗಳ ಕಸುಬು. ಪರಿಚಯದ ಹಿರಿಯ ಕುಶಲಕರ್ಮಿಯೊಬ್ಬರಿಗೆ ನನ್ನ ಸಲಕರಣೆ ಪೆಟ್ಟಿಗೆ ತೋರಿಸಿದೆ. ತೆರೆದು ನೋಡಿ, "ಇಷ್ಟೆಲ್ಲ ಯಾಕ್ ತಗಂಡ್ರಿ? ಮೊದ್ಲು ಒಂದು ಉಳಿ ಚೂಪಾಗಿಟ್ಕಳಿ. ಉಳಿದದ್ದು ಕೆಲಸ ಕೇಳ್ದಂಗೆ ತಗಳಿ" ಅಂದರು. ಹಣದ ವಿಷಯದಲ್ಲಿ ನನಗೆ ಸಿಕ್ಕ ಒಳ್ಳೆಯ ಸಲಹೆಗಳಲ್ಲಿ ಇದೂ ಒಂದು.

ಮುಂದಿನ ಸಲ ಮಾಡೆಲ್ ಶಿಪ್‌ವೇಸ್ ಕಂಪನಿಯ ಡೋರಿ ಕಿಟ್ ಆರಿಸಿಕೊಂಡೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಕಾಡ್ ಮೀನು ಹಿಡಿಯಲು ದೊಡ್ಡ ಹಾಯಿಹಡಗುಗಳ ಮೇಲೆ ಒಂದರೊಳಗೊಂದು ಪೇರಿಸಿ ಒಯ್ಯುತ್ತಿದ್ದ ಚಪ್ಪಟೆ ತಳದ ದೋಣಿ ಅದು. ಅಳತೆ 24ರಲ್ಲಿ ಒಂದು ಪಾಲು. ಮಾದರಿ ಹಡಗು ತಯಾರಕ ಡೇವಿಡ್ ಆಂಟ್ಷರ್ಲ್ ಹೊಸಬರಿಗೆಂದೇ ರೂಪಿಸಿದ ಮೂರು ಕಿಟ್‌ಗಳಲ್ಲಿ ಮೊದಲನೆಯದು. ಎರಡನೆಯದು ಹಾಯಿಯಿರುವ ನಾರ್ವೇಜಿಯನ್ ಪ್ರಾಮ್ ದೋಣಿ, ಮೂರನೆಯದು ಲಾಬ್‌ಸ್ಟರ್ ಸ್ಮ್ಯಾಕ್ ಎಂಬ ದೋಣಿ. ಹಗ್ಗ, ಹಾಯಿಗಳ ಕೆಲಸ ಹಂತಹಂತವಾಗಿ ಬರುತ್ತದೆ. ಕೂವೆಮರಕ್ಕೆ ಕೈ ಹಾಕುವ ಮೊದಲೇ ಹಲಗೆ ಬಾಗಿಸುವುದು ಕೈಗೆ ಹತ್ತಿರುತ್ತದೆ.

ಸಾಗಣೆ, ಸುಂಕ ಸೇರಿ 8,000 ಆಯಿತು. ಹೊಸದಾಗಿ ಕೊಂಡದ್ದು ಒಂದು ಸ್ಟೀಲ್ ಸ್ಕೇಲ್, ಸ್ಯಾಂಡ್‌ಪೇಪರ್, ಅಂಟು ಮಾತ್ರ. ಅಂಟು ಒಣಗುವ ತನಕ ಹಿಡಿದಿಡಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಸಾಕಾದವು. ಮರದ ಮೊಳೆಗೆ ಹಿತ್ತಲ ಬಿದಿರು ಸೀಳಿದೆ. ಹಗ್ಗದ ದಾರಕ್ಕೆ ಸವರುವ ಜೇನುಮೇಣ ನಮ್ಮ ಕಡೆ ಸಿಗದ ವಸ್ತುವಲ್ಲ. ಅಂಟಿಸಬೇಕಾದ ಭಾಗಗಳನ್ನು ಹಿಂದಿನ ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ, ಸಮತಟ್ಟು ಹಲಗೆಯ ಮೇಲೆ ಭಾರ ಹೇರಿ ಇಡುತ್ತಿದ್ದೆ. ಒಂದೂ ಬಾಗಲಿಲ್ಲ. ದೋಣಿ ಮುಗಿಯಿತು.

ಈ ಮಳೆಗಾಲಕ್ಕೆ ಶುರು ಮಾಡುವ ಆಸೆ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಪೆಟ್ಟಿಗೆಯ ಚಿತ್ರ ನೋಡಿ ದುಡ್ಡು ಕೊಡಬೇಡಿ. ಸಣ್ಣ ದೋಣಿ ಕೊಳ್ಳಿ, ಅದು ಮುಗಿಯುವ ತನಕ ಇನ್ನೊಂದು ಕಿಟ್ ತರಿಸಬೇಡಿ.