ಹಿಂದಿನ ಆಕ್ಸಲ್ ಬದಲಿಸುವ ಮುನ್ನ: ಹಳೆಯ ಕಾರಿನ ಮಾಲೀಕರಿಗಿರುವ ಹಕ್ಕುಗಳು

ಹತ್ತು ಹದಿನೈದು ವರ್ಷ ಓಡಿದ ಕಾರಿನ ಹಿಂಭಾಗದಲ್ಲಿ ಗುಂಯ್ ಎಂದು ಸದ್ದು ಶುರುವಾದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, 'ಆಕ್ಸಲ್ ಹೋಗಿದೆ ಸಾರ್, ಪೂರ್ತಿ ಸೆಟ್ಟೇ ಹಾಕಬೇಕು'. ಅದು ನಿಜವೂ ಇರಬಹುದು. ಆದರೆ ಬೇರಿಂಗ್ ಅಥವಾ ಆಯಿಲ್ ಸೀಲ್ ಬದಲಿಸಿ ಮುಗಿಸುವ ಕೆಲಸಕ್ಕೂ ಹೌಸಿಂಗ್ ಸಮೇತ ಇಡೀ ಆಕ್ಸಲ್ ಇಳಿಸುವ ಕೆಲಸಕ್ಕೂ ಖರ್ಚಿನಲ್ಲಿ ಹಲವು ಪಟ್ಟು ಅಂತರವಿದೆ. ಇಷ್ಟು ದೊಡ್ಡ ತೀರ್ಮಾನ ಬಾಯಿಮಾತಿನಲ್ಲೇ ನಡೆದುಹೋದರೆ, ನಾಳೆ ತಕರಾರು ಬಂದಾಗ ಗ್ರಾಹಕರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಸ್ವಂತ ಬಳಕೆಯ ಕಾರನ್ನು ದುಡ್ಡು ಕೊಟ್ಟು ರಿಪೇರಿ ಮಾಡಿಸುವವರೆಲ್ಲರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಗ್ರಾಹಕರೇ. ಹೊಟ್ಟೆಪಾಡಿಗಾಗಿ ತನ್ನದೇ ಕಾರನ್ನು ಟ್ಯಾಕ್ಸಿಯಾಗಿ ಓಡಿಸುವ ಚಾಲಕನಿಗೂ, ಅದು ಸ್ವಯಂ ಉದ್ಯೋಗವೆಂಬ ನೆಲೆಯಲ್ಲಿ, ಈ ರಕ್ಷಣೆ ಕೇಳುವ ದಾರಿಯಿದೆ.

ಮೊದಲು ನಿಮ್ಮ ಕಾರಿನ ಹಿಂದಿನ ಆಕ್ಸಲ್ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಅಂಬಾಸಿಡರ್, ಓಮ್ನಿ, ಸುಮೋ, ಕ್ವಾಲಿಸ್, ಬೊಲೆರೊಗಳಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಅಲ್ಲಿ ಕ್ರೌನ್, ಪಿನಿಯನ್, ಡಿಫರೆನ್ಷಿಯಲ್ ಎಲ್ಲವೂ ಇರುತ್ತವೆ. ಮಾರುತಿ 800, ಆಲ್ಟೊಗಳಲ್ಲಿ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವುದರಿಂದ ಹಿಂದಿನ ಆಕ್ಸಲ್ ಕೇವಲ ಭಾರ ಹೊರುವ ಬೀಮ್. ಆಲ್ಟೊ ತಂದವರ ಎಸ್ಟಿಮೇಟಿನಲ್ಲಿ ಹಿಂಭಾಗದ ಕ್ರೌನ್ ಪಿನಿಯನ್ ಕಂಡರೆ ಅಲ್ಲೇ ನಿಲ್ಲಿಸಿ ಪ್ರಶ್ನಿಸಬೇಕು.

ದೋಷ ಯಾವುದೆಂದು ಸದ್ದೇ ಅರ್ಧ ಹೇಳುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಸದ್ದು ಬಂದರೆ ಅನುಮಾನ ಕ್ರೌನ್ ಪಿನಿಯನ್ ಮೇಲೆ. ಆಕ್ಸಿಲರೇಟರ್ ಹೇಗಿದ್ದರೂ ವೇಗದ ಜೊತೆಗೇ ಏರುವ, ತಿರುವಿನಲ್ಲಿ ಬದಲಾಗುವ ಸದ್ದು ಹೆಚ್ಚಾಗಿ ಚಕ್ರದ ಬೇರಿಂಗಿನದು. ರಸ್ತೆಯ ಮೇಲ್ಮೈ ಬದಲಾದ ಕೂಡಲೇ ಸದ್ದೂ ಬದಲಾದರೆ ಟೈರ್ ನೋಡಿ. ಬ್ರೇಕ್ ಡ್ರಮ್ಮಿನೊಳಗೆ ಗೇರ್ ಆಯಿಲ್ ಇಳಿದಿದ್ದರೆ ಸೀಲ್ ಹೋಗಿದೆ. ಡ್ರೈನ್ ಮಾಡಿದ ಆಯಿಲಿನಲ್ಲಿ ಲೋಹದ ಚೂರುಗಳು ಸಿಕ್ಕರೆ ಒಳಗೆ ಹಲ್ಲು ಅಥವಾ ಬೇರಿಂಗ್ ಸವೆದು ಒಡೆಯುತ್ತಿದೆ. ಹಿಂದಿನ ಟೈರ್ ಒಂದೇ ಬದಿಯಲ್ಲಿ ಸವೆಯುತ್ತಿದ್ದರೆ ಬೀಮ್ ಅಥವಾ ಹೌಸಿಂಗ್ ಬಾಗಿದೆಯೇ ಎಂದು ಅಲೈನ್‌ಮೆಂಟ್ ಯಂತ್ರದಲ್ಲಿ ಅಳೆಸಿ, ಅದರ ಪ್ರಿಂಟ್ ತೆಗೆದುಕೊಳ್ಳಿ. ಇಂಥ ಪರೀಕ್ಷೆಯಿಲ್ಲದೆ 'ಪೂರ್ತಿ ಸೆಟ್' ಎಂದರೆ ಒಪ್ಪಬೇಡಿ.

ಕಂಡ ದೋಷ, ಮಾಡಿದ ಪರೀಕ್ಷೆ, ಬದಲಿಸುವ ಭಾಗ, ಅದು ಹೊಸದೋ ರೀಕಂಡೀಷನ್ ಮಾಡಿದ್ದೋ, ಲೇಬರ್ ಎಷ್ಟು, ಕಾರು ಯಾವತ್ತು ಸಿಗುತ್ತದೆ, ಗ್ಯಾರಂಟಿ ಎಷ್ಟು ದಿನ, ಇಷ್ಟೂ ಜಾಬ್ ಕಾರ್ಡಿನಲ್ಲಿ ಬರೆದಿರಲಿ. ಬಿಚ್ಚಿದ ಮೇಲೆ ಹೊಸ ಕೆಲಸ ಕಂಡರೆ ನಿಮ್ಮ ಒಪ್ಪಿಗೆ ಪಡೆದೇ ಮುಂದುವರಿಯಬೇಕೆಂದೂ ಸೇರಿಸಿ. ಸಣ್ಣ ಗ್ಯಾರೇಜಿನಲ್ಲಿ ಜಾಬ್ ಕಾರ್ಡ್ ಇಲ್ಲದಿದ್ದರೆ ಇದನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ 'ಸರಿ' ಎಂಬ ಉತ್ತರ ಪಡೆಯಿರಿ. ಗ್ರಾಹಕರಿಗೆ ಗೊತ್ತಿರಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಕಾಯ್ದೆಯ 2(11)ನೇ ಕಲಮಿನ ಪ್ರಕಾರ ಸೇವಾ ನ್ಯೂನತೆಯೇ.

ಕಂಪನಿ ತಯಾರಿಕೆ ನಿಲ್ಲಿಸಿದ ಮಾದರಿಗಳಿಗೆ ಹೊಸ ಆಕ್ಸಲ್ ಸಿಗುವುದು ಕಷ್ಟ. ಗುಜರಿಯಿಂದ ತಂದ, ಇನ್ನೊಂದು ಕಾರಿನಿಂದ ಇಳಿಸಿದ ಆಕ್ಸಲ್ ಹಾಕಿಸುವವರು ಬಹಳ ಮಂದಿ, ಅದರಲ್ಲಿ ತಪ್ಪೇನಿಲ್ಲ. ಬಳಸಿದ ಅಥವಾ ರೀಕಂಡೀಷನ್ ಮಾಡಿದ ಮಾಲನ್ನು ಹೊಸದೆಂದು ಹೇಳಿ ಹಾಕುವುದು ಮಾತ್ರ 2(47)ನೇ ಕಲಮಿನಡಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಕಲಮಿನಡಿ ಬರುತ್ತದೆ. ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎಂಬ ಆಸೆ ತೋರಿಸಿದರೆ ದಯವಿಟ್ಟು ಬೀಳಬೇಡಿ. ದುಡ್ಡು ಕೊಟ್ಟಿದ್ದಕ್ಕೆ, ಯಾವ ಭಾಗ ಹಾಕಿದರು ಎಂಬುದಕ್ಕೆ ಅದೇ ದಾಖಲೆ. ಬಳಸಿದ ಆಕ್ಸಲ್ ಆದರೆ ಅದನ್ನು ಮಾರಿದವರ ಬಿಲ್ಲೂ ಬೇಕು. ಕದ್ದ ವಾಹನದ ಭಾಗವಾಗಿದ್ದರೆ ಪೊಲೀಸರ ಪ್ರಶ್ನೆ ನಿಮ್ಮ ಮನೆಗೂ ಬಂದೀತು.

ಬಿಚ್ಚಿದ ಹಳೆಯ ಆಕ್ಸಲ್, ಬೇರಿಂಗ್, ಸೀಲ್ ಎಲ್ಲವೂ ನಿಮ್ಮ ಸ್ವತ್ತು. ವಿನಿಮಯಕ್ಕೆ ಒಪ್ಪಿ ಬೆಲೆಯಲ್ಲಿ ಕಡಿತ ಪಡೆದಿದ್ದರೆ ಬೇರೆ ಮಾತು. ಇಲ್ಲವಾದರೆ ಕೇಳಿ ಮನೆಗೆ ತನ್ನಿ. 'ಅದೇನು ಮಾಡ್ತೀರಿ, ಬಿಡಿ' ಎಂಬ ಮಾತಿಗೆ ಸಂಕೋಚಪಡಬೇಕಿಲ್ಲ. ಸವೆದೇ ಇರದ ಕ್ರೌನ್ ಬದಲಿಸಿದ್ದಾರೆಂದು ನಾಳೆ ಹೇಳಬೇಕಾದರೆ ಆ ಕಬ್ಬಿಣವೇ ನಿಮ್ಮ ಸಾಕ್ಷಿ. ಸೇವೆಯಲ್ಲಿ ಲೋಪವಾಗಿದೆ ಎಂದು ಸಾಬೀತುಪಡಿಸುವ ಹೊಣೆ ದೂರುದಾರನದೇ ಎಂದು ಸುಪ್ರೀಂ ಕೋರ್ಟ್ 2021ರಲ್ಲೂ ಹೇಳಿದೆ.

ಬಿಲ್ ಎಸ್ಟಿಮೇಟಿಗಿಂತ ಎರಡು ಪಟ್ಟಾಗಿದೆ, ದುಡ್ಡು ಕೊಡದೆ ಕಾರು ಬಿಡುವುದಿಲ್ಲ ಎನ್ನುತ್ತಾರೆ. ಹೀಗೆ ತಡೆಯುವ ಅಧಿಕಾರ ಗ್ಯಾರೇಜಿಗೆ ಇದೆಯೇ? ಇದೆ, ಮಿತಿಯೊಳಗೆ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಶ್ರಮ ಹಾಕಿ ರಿಪೇರಿ ಮಾಡಿದವರು ಆ ಕೆಲಸದ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಹಳೆಯ ಬಾಕಿಗಾಗಿ, ಇನ್ನೊಂದು ಕಾರಿನ ಲೆಕ್ಕಕ್ಕಾಗಿ ಈ ಕಲಮಿನ ಹೆಸರಿನಲ್ಲಿ ತಡೆಯುವಂತಿಲ್ಲ. ಕಾರು ಅವರ ವಶದಲ್ಲಿರುವಷ್ಟು ದಿನ ಅದನ್ನು ಜೋಪಾನ ಮಾಡುವ ಹೊಣೆಯನ್ನು ಅದೇ ಕಾಯ್ದೆಯ 151ನೇ ಕಲಮು ಅವರ ಮೇಲೆ ಹಾಕಿದೆ. ಅಲ್ಲಿ ಕೂಗಾಡಿ ಫಲವಿಲ್ಲ. 'ತಕರಾರು ಉಳಿಸಿಕೊಂಡು ಪಾವತಿಸುತ್ತಿದ್ದೇನೆ' ಎಂದು ಬಿಲ್ಲಿನ ಮೇಲೆ ಅಥವಾ ಸಂದೇಶದಲ್ಲಿ ಬರೆದು, ಬ್ಯಾಂಕ್ ಅಥವಾ ಯುಪಿಐ ಮೂಲಕ ಹಣ ಕೊಟ್ಟು, ಕಾರು ಬಿಡಿಸಿಕೊಂಡು ದೂರು ಕೊಡುವುದೇ ವಿವೇಕ.

ರಿಪೇರಿಯಾದ ಮೇಲೂ ಸದ್ದು ಹಾಗೇ ಉಳಿದರೆ ಕೂಡಲೇ ಇನ್ನೊಬ್ಬ ಮೆಕ್ಯಾನಿಕ್ ಬಳಿ ಬಿಚ್ಚಿಸಬೇಡಿ. ಎರಡನೆಯವರೇ ಕೆಡಿಸಿದರು ಎಂಬ ವಾದಕ್ಕೆ ಅದು ದಾರಿ ಮಾಡಿಕೊಡುತ್ತದೆ. ಮೊದಲ ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ, ಸರಿಪಡಿಸಲು ದಿನ ಗೊತ್ತುಮಾಡಿ. ಅವರು ಬಾರದಿದ್ದರೆ ಅನುಭವಿ ಮೆಕ್ಯಾನಿಕ್ ಅಥವಾ ಆಟೊಮೊಬೈಲ್ ಎಂಜಿನಿಯರ್ ಎದುರು ಬಿಚ್ಚಿಸಿ, ವಿಡಿಯೊ ಮಾಡಿ, ಸಹಿ ಇರುವ ವರದಿ ಪಡೆಯಿರಿ. ಈ ನಡುವೆ ಕಾರು ಓಡಿಸಬೇಡಿ. ಕೆಲವು ವಾಹನಗಳಲ್ಲಿ ಆಕ್ಸಲ್ ಶಾಫ್ಟ್ ಮುರಿದರೆ ಚಕ್ರವೇ ಕಳಚಿಬರುತ್ತದೆ. ಅಪಾಯಕಾರಿ ದೋಷವಿದೆಯೆಂದು ಗೊತ್ತಿದ್ದೂ ರಸ್ತೆಗಿಳಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಅಪರಾಧ.

ದೂರಿಗೆ ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. 15 ದಿನ ಸಮಯ ಕೊಟ್ಟರೆ ಸಾಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ವ್ಯಾಜ್ಯಕ್ಕೆ ಹೋಗದೆಯೂ ಇತ್ಯರ್ಥವಾಗಬಹುದು. ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಗ್ಯಾರೇಜ್ ಬೇರೆ ಜಿಲ್ಲೆಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ದೊಡ್ಡ ಅನುಕೂಲವಿದು. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಉಚಿತ ಕಾನೂನು ನೆರವಿಗೆ 15100 ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಆ ನೆರವು ಸಿಗುತ್ತದೆ.

ಆಯೋಗದ ನೋಟಿಸ್ ತಲುಪಿದ ಮೇಲೆ ಉತ್ತರಿಸಲು ಎದುರುದಾರರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದಾದರೂ ಹೆಚ್ಚು ಕಾಲ ಹಿಡಿಯುವುದುಂಟು. ಆ ತಾಳ್ಮೆ ಬೇಕು. ಕೊಟ್ಟ ಹಣ ವಾಪಸು, ಪರಿಹಾರ, ವ್ಯಾಜ್ಯದ ಖರ್ಚು ಮೂರನ್ನೂ ದೂರಿನಲ್ಲೇ ಕೇಳಿರಿ. ಆದೇಶ ಪಾಲಿಸದಿದ್ದರೆ 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಬಹುದು.

ದೂರು ಸಲ್ಲಿಸಲು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶವಿದೆ. 'ಇನ್ನೊಮ್ಮೆ ನೋಡಿಕೊಡ್ತೀವಿ' ಎಂಬ ಭರವಸೆ ನಂಬಿ ಆ ಅವಧಿ ಕಳೆದುಕೊಳ್ಳಬೇಡಿ.