ಗೈಡಿಗೆ ಅರವತ್ತೆಂಟು ರೂಪಾಯಿ

ಕಳೆದ ಭಾನುವಾರ ಬಿಟಿಎಂ ಲೇಔಟಿನಿಂದ ನನ್ನ ಅಣ್ಣನ ಮಗ ಬಂದಿದ್ದ. ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು ನನ್ನ ಮುಂದಿಟ್ಟ. "ಅತ್ತೆ, ಪೆರು ದೇಶಕ್ಕೆ ಹೋಗೋಣ ಅಂತಿದೀನಿ. ಲೆಕ್ಕ ಒಂದ್ಸಲ ನೋಡಿಬಿಡಿ" ಅಂದ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದವಳು ಅನ್ನುವ ಕಾರಣಕ್ಕೆ ನಮ್ಮ ಬಳಗದಲ್ಲಿ ಎಲ್ಲರ ಲೆಕ್ಕವೂ ಒಮ್ಮೆ ಜಯನಗರದ ನಮ್ಮ ಮನೆಯ ಊಟದ ಮೇಜಿಗೆ ಬರುತ್ತದೆ.

ಹುಡುಗ ಅಚ್ಚುಕಟ್ಟಾಗಿ ಶೀಟ್ ಮಾಡಿದ್ದ. ವಿಮಾನ, ವೀಸಾ, ವಸತಿ, ಮಾಚು ಪಿಚುವಿನ ಟಿಕೆಟ್ಟು, ಕೊನೆಗೆ ವಿನಿಕುಂಕಾ ಅನ್ನುವ ಬಣ್ಣದ ಪಟ್ಟೆಗಳ ಬೆಟ್ಟ. ಆಂಡೀಸ್ ಪರ್ವತಸಾಲಿನಲ್ಲಿ ಅದರ ಎತ್ತರ 5,036 ಮೀಟರ್. ಕುಸ್ಕೊ ಪಟ್ಟಣದಿಂದ ಬೆಳಗಿನ ಜಾವ ವ್ಯಾನಿನಲ್ಲಿ ಹೊರಟು, ಗೈಡ್ ಜೊತೆ ಹತ್ತಿಳಿದು, ಅದೇ ದಿನ ವಾಪಸ್ಸಾಗುವ ಚಾರಣ. ಪಕ್ಕದಲ್ಲಿ "ಉಳಿತಾಯ" ಅಂತ ಹಸಿರು ಬಣ್ಣದ ಕಾಲಂ ಒಂದಿತ್ತು. ಅದರಲ್ಲಿ ಮೂರು ಸಾಲು. ಕುಸ್ಕೊದಲ್ಲಿ ಸುಮ್ಮನೆ ಕಳೆಯುವ ಎರಡು ದಿನ ಕಡಿತ. ಇರುವುದರಲ್ಲೇ ಅಗ್ಗದ, ಮೂವತ್ತು ಜನರ ಗುಂಪಿನ ಗೈಡ್. ವಿಮೆಯಲ್ಲಿ ಅತಿ ಕಡಿಮೆ ಪ್ರೀಮಿಯಂನದು.

ಆ ಹಸಿರು ಕಾಲಂ ನೋಡಿ ನನಗೆ ನನ್ನ ಎರಡು ಬೆಟ್ಟಗಳ ಲೆಕ್ಕ ನೆನಪಾಯಿತು. ಅದನ್ನೇ ಅವನಿಗೆ ಹೇಳಿದೆ, ಇಲ್ಲೂ ಬರೆಯುತ್ತಿದ್ದೇನೆ.

ಮೊದಲನೆಯದು ಕುದುರೆಮುಖ, 2024ರ ನವೆಂಬರ್. ಆ ವರ್ಷ ಚಾರಣದ ಮಾತೆತ್ತುವುದೇ ನಮ್ಮ ಮನೆಯಲ್ಲಿ ಕಷ್ಟವಾಗಿತ್ತು. ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ 22 ಜನರ ತಂಡದಲ್ಲಿ 9 ಮಂದಿ ತೀರಿಕೊಂಡಿದ್ದರು. ನಮ್ಮ ಬೆಂಗಳೂರಿನಿಂದ ಹೊರಟ ತಂಡ ಅದು. ಅವರಲ್ಲಿ ನನ್ನ ವಯಸ್ಸಿನವರು, ನನಗಿಂತ ಹಿರಿಯರು, ವರ್ಷಗಟ್ಟಲೆ ಬೆಟ್ಟ ಹತ್ತಿದ ಅನುಭವಸ್ಥರು ಇದ್ದರು. ವಾರಗಟ್ಟಲೆ ಬೆಳಗಿನ ವಾಕಿಂಗಿನಲ್ಲಿ ನಮಗೆ ಬೇರೆ ಮಾತೇ ಇರಲಿಲ್ಲ. ನಮ್ಮನೆಯವರು "ಇನ್ನು ಬೆಟ್ಟ ಬೇಡ" ಅಂದರು. ನನ್ನ ಆಸೆ ಮಾತ್ರ ಹೋಗಲಿಲ್ಲ. ಹಿಮಾಲಯಕ್ಕೆ ಹೋಗಬೇಕೆಂದು 2023ರಲ್ಲೇ ತಿಂಗಳಿಗೆ 3,500ರಂತೆ ಎರಡು ವರ್ಷದ ಆರ್‌ಡಿ ಶುರು ಮಾಡಿದ್ದೆ. ಮೊದಲು ನಮ್ಮ ರಾಜ್ಯದ ಬೆಟ್ಟದಲ್ಲಿ ನನ್ನ ಕಾಲು ನೋಡಿಕೊಳ್ಳುತ್ತೇನೆ ಅಂತ ಒಪ್ಪಿಸಿದೆ. ವಾರಕ್ಕೆ ಮೂರು ದಿನ ರಾಗಿಗುಡ್ಡದ ಮೆಟ್ಟಿಲು, ಭಾನುವಾರ ತುರಹಳ್ಳಿ ಕಾಡು. ಹೀಗೆ ಮೂರು ತಿಂಗಳು.

ಕುದುರೆಮುಖ 1,894 ಮೀಟರ್. ಕಳಸದ ಕಡೆಯ ಮುಳ್ಳೋಡಿಯಿಂದ ನಡಿಗೆ ಶುರು. ಹೋಗಿಬರಲು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಹಳ್ಳ ದಾಟಿ, ಶೋಲಾ ಕಾಡು ಹೊಕ್ಕು, ಒಂಟಿಮರದ ಹತ್ತಿರ ದಮ್ಮು ತೆಗೆದುಕೊಂಡು, ಹುಲ್ಲುಗಾವಲಿನ ಏಣು ಹತ್ತಬೇಕು. ರಾಷ್ಟ್ರೀಯ ಉದ್ಯಾನವಾದ್ದರಿಂದ ಮೇಲೆ ಡೇರೆ ಹಾಕುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಅರಣ್ಯ ಇಲಾಖೆಯ ಅನುಮತಿ, ಸ್ಥಳೀಯ ಗೈಡ್ ಎರಡೂ ಕಡ್ಡಾಯ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ್ದು ಓದುಗರಿಗೆ ನೆನಪಿರಬಹುದು. ಅದಾದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, 'ಅರಣ್ಯ ವಿಹಾರ' ಅನ್ನುವ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಬಹಳ ಒಳ್ಳೆಯ ಕೆಲಸ. ಆ ಹುಲ್ಲುಗಾವಲನ್ನು ಕಣ್ಣಾರೆ ಕಂಡವರು ಯಾರೂ ಅದನ್ನು ವಿರೋಧಿಸಲಾರರು.

ನಾನು ಹೋದದ್ದು ವಾರಾಂತ್ಯದ ಪ್ಯಾಕೇಜಿನಲ್ಲಿ. ಆಯೋಜಕರ ಹೆಸರು ಇಲ್ಲಿ ಬೇಡ. ತಲೆಗೆ 3,800 ರೂಪಾಯಿ, ಅಡ್ವಾನ್ಸ್ ವಾಪಸ್ ಇಲ್ಲ. ಶುಕ್ರವಾರ ರಾತ್ರಿ ಹತ್ತಕ್ಕೆ ಬನಶಂಕರಿಯಲ್ಲಿ ಟೆಂಪೋ ಟ್ರಾವೆಲರ್ ಹತ್ತಿದೆವು. ಒಟ್ಟು 22 ಜನ. ಬಹುತೇಕ ಎಲ್ಲರೂ ನನ್ನ ಮಕ್ಕಳ ವಯಸ್ಸಿನವರು. ಬೆಳಿಗ್ಗೆ ಹೋಮ್‌ಸ್ಟೇಯಲ್ಲಿ ಮುಖ ತೊಳೆದು, ಅವಲಕ್ಕಿ ತಿಂದು, ಜೀಪಿನಲ್ಲಿ ಕುಲುಕಿಕೊಂಡು ಮುಳ್ಳೋಡಿ ಸೇರಿದೆವು. "ಟ್ರೆಕ್ ಲೀಡರ್" ಅಂತ ಬೆಂಗಳೂರಿನಿಂದ ಬಂದ ಹುಡುಗನಿಗೆ ಆ ಬೆಟ್ಟ ಅದು ಎರಡನೇ ಸಲ. 22 ಜನಕ್ಕೂ ಸೇರಿ ಊರಿನ ಗೈಡ್ ಒಬ್ಬನೇ.

ಹನ್ನೊಂದರ ಹೊತ್ತಿಗೆ ಮಂಜು ಕವಿಯಿತು. ಮುಂದಿದ್ದವರು ಮುಂದೆ ಹೋಗಿಬಿಟ್ಟಿದ್ದರು. ಹಿಂದೆ ನಾನು, ಮಂಡಿ ನೋವಿನ ಒಬ್ಬ ಹುಡುಗಿ. ಹತ್ತು ಹೆಜ್ಜೆ ಆಚೆ ಏನಿದೆ ಅಂತ ಕಾಣದು. ಕೂಗಿದರೆ ದನಿ ಎಲ್ಲಿಗೆ ಹೋಯಿತೋ ತಿಳಿಯದು. ಕಾಲುದಾರಿ ಎರಡಾಗಿ ಸೀಳಿದಲ್ಲಿ ಇಬ್ಬರೂ ನಿಂತುಬಿಟ್ಟೆವು. ಇಪ್ಪತ್ತು ನಿಮಿಷ ಆಗಿರಬಹುದು. ಮಂಜಿನೊಳಗಿನಿಂದ ಆ ಗೈಡ್ ಇಳಿದು ಬಂದ. ಮೇಲೆ ತಲೆ ಎಣಿಸಿದಾಗ ಇಬ್ಬರು ಕಡಿಮೆ ಬಂದರಂತೆ, ಉಳಿದವರನ್ನು ಅಲ್ಲೇ ಕೂರಿಸಿ ನಮಗಾಗಿ ಹಿಂದಿರುಗಿದ್ದ. "ದಾರಿ ಗೊತ್ತಾಗದಾಗ ನಿಂತಿರಲ್ಲ ಅಮ್ಮ, ಅದೇ ಪುಣ್ಯ" ಅಂದ. ಆ ಹುಡುಗಿ ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ಇಳಿಯುವಾಗ ಅವನ ಜೊತೆಯೇ ನಡೆದೆ. ಕಾಲಿನ ಇಂಬಳ ಕೀಳಲು ಕೂತಾಗ, ಕೇಳಬಾರದೇನೋ ಅನ್ನುತ್ತಲೇ ಕೇಳಿದೆ. ದಿನಕ್ಕೆ ನಿನಗೆಷ್ಟು ಕೊಡುತ್ತಾರಪ್ಪ? ಆ ದಿನಕ್ಕೆ 1,500 ಅಂದ. ವಾಪಸು ಬರುವಾಗ ಗಾಡಿಯಲ್ಲಿ ಕೂತು ಭಾಗಿಸಿದೆ. 22 ಜನಕ್ಕೆ ತಲಾ 68 ರೂಪಾಯಿ. 3,800 ಕೊಟ್ಟ ನಾನು, ನನ್ನ ಜೀವ ಕಾಯುವವನಿಗೆ ಕೊಟ್ಟದ್ದು 68 ರೂಪಾಯಿ. ಮಿಕ್ಕದ್ದು ಡೀಸೆಲ್ಲು, ಜೀಪು, ಊಟ, ಆಯೋಜಕರ ಲಾಭ. ಅವೂ ಬೇಕಾದ ಖರ್ಚೇ, ಸಂಶಯವಿಲ್ಲ. ಆದರೆ ಬುಕ್ ಮಾಡುವಾಗ ನಾನು ಮೂರು ಆಯೋಜಕರ ದರ ಹೋಲಿಸಿ 400 ರೂಪಾಯಿ ಉಳಿಸಿದ್ದೆ. ಒಬ್ಬ ಗೈಡಿಗೆ ಎಷ್ಟು ಜನ ಅಂತ ಮೂವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ತಲೆಗೆ ಇನ್ನೊಂದು 68 ಕೊಟ್ಟಿದ್ದರೆ ಇಬ್ಬರು ಗೈಡ್ ಬರುತ್ತಿದ್ದರು, ಒಬ್ಬ ಮುಂದೆ, ಒಬ್ಬ ಹಿಂದೆ. ಒಂದು ದೋಸೆ, ಒಂದು ಕಾಫಿಯ ದುಡ್ಡು.

ಅಂದಿನಿಂದ ಯಾವ ಪ್ಯಾಕೇಜಿಗೂ ಮೊದಲು ಕೇಳುವ ಪ್ರಶ್ನೆ ಒಬ್ಬ ಗೈಡಿಗೆ ಎಷ್ಟು ಜನ ಅನ್ನುವುದೇ ಆಗಿದೆ. ಎರಡನೆಯದು, ಅನುಮತಿ ಚೀಟಿಯಲ್ಲಿ ನನ್ನ ಹೆಸರು, ನನ್ನ ಗುರುತಿನ ಚೀಟಿಯ ವಿವರ ಇದೆಯೇ ಅನ್ನುವುದು. ಆ ಚೀಟಿಯನ್ನು ಹೊರಡುವ ಮೊದಲೇ ಮೊಬೈಲಿಗೆ ತರಿಸಿಕೊಳ್ಳುತ್ತೇನೆ.

ಎರಡನೇ ಬೆಟ್ಟ ಗಢವಾಲದ ಚಂದ್ರಶಿಲಾ, 2025ರ ಅಕ್ಟೋಬರ್. ಆರ್‌ಡಿ ಮುಗಿದು ಬಡ್ಡಿ ಸೇರಿ ತೊಂಬತ್ತು ಸಾವಿರದ ಹತ್ತಿರ ಬಂದಿತ್ತು. ಈ ಸಲ ನಮ್ಮನೆಯವರೂ ಜೊತೆಗೆ ಹೊರಟರು. ಚೋಪ್ತಾದಿಂದ ಮೂರೂವರೆ ಕಿಲೋಮೀಟರ್ ಕಲ್ಲುಹಾಸಿನ ದಾರಿ ಹತ್ತಿದರೆ 3,680 ಮೀಟರಿನಲ್ಲಿ ತುಂಗನಾಥ, ಪಂಚ ಕೇದಾರಗಳಲ್ಲೊಂದು. ಅಲ್ಲಿಂದ ಕಡಿದಾದ ಒಂದೂವರೆ ಕಿಲೋಮೀಟರ್ ಮೇಲೆ ಚಂದ್ರಶಿಲಾ, ಹತ್ತಿರ ಹತ್ತಿರ 4,000 ಮೀಟರ್. ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯಬಹುದಾದ ದಾರಿ. ದಾರಿ ಸ್ಪಷ್ಟವಾಗಿಯೇ ಇದೆ. ಗೈಡ್ ಬೇಕಿಲ್ಲ ಅಂತ ಎಲ್ಲರೂ ಹೇಳಿದರು. ಕುದುರೆಮುಖದ ಮಂಜು ನೆನೆದು ನಾನು ಪಟ್ಟುಹಿಡಿದು ಊಖಿಮಠದ ಕಡೆಯ ಒಬ್ಬರನ್ನು ದಿನಕ್ಕೆ 2,000ಕ್ಕೆ ಗೊತ್ತುಮಾಡಿದೆ.

ಲೆಕ್ಕ ಹೀಗಿತ್ತು, ಇಬ್ಬರಿಗೂ ಸೇರಿ. ಡೆಹ್ರಾಡೂನಿಗೆ ವಿಮಾನ ಹೋಗಿಬರಲು 30,400. ಕಾರು 26,000. ವಸತಿ, ಊಟ 21,500. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊಂಡ ಬೂಟು, ಮಳೆಯಂಗಿ, ಕೈಗವಸು 6,800. ಗೈಡ್ 2,000. ವಿಮೆ 900. ಒಟ್ಟು 87,600. ಗೈಡಿನ ಪಾಲು ನೂರಕ್ಕೆ ಎರಡೂಕಾಲು ರೂಪಾಯಿ.

ತುಂಗನಾಥಕ್ಕೆ ಹತ್ತು ಗಂಟೆಗೆ ತಲುಪಿದೆವು. ದರ್ಶನ ಮುಗಿಸಿ ಹೊರಬಂದಾಗ ನಮ್ಮನೆಯವರ ಮುಖ ಬಿಳಿಚಿತ್ತು. ತಲೆನೋವು ಅಂದರು, ಸ್ವಲ್ಪ ಹೊತ್ತಿಗೆ ವಾಂತಿಯೂ ಆಯಿತು. ಗೈಡ್ ಅವರನ್ನು ಕೂರಿಸಿ, ಎರಡು ಮಾತಾಡಿಸಿ, ನನ್ನ ಕಡೆ ತಿರುಗಿ ಹಿಂದಿಯಲ್ಲಿ "ಇನ್ನು ಮೇಲಿಲ್ಲ, ಕೆಳಗೆ" ಅಂದರು.

ಆ ಕ್ಷಣ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷದ ಆರ್‌ಡಿ. ಇನ್ನು ಒಂದೂವರೆ ಕಿಲೋಮೀಟರ್. ಇವರು ಇಲ್ಲೇ ಕೂತಿರಲಿ, ಒಂದು ಗಂಟೆಯಲ್ಲಿ ಹೋಗಿಬರುತ್ತೇನೆ. ಇಷ್ಟು ದುಡ್ಡು ಹಾಕಿದ ಮೇಲೆ ವಸೂಲಿ ಆಗಬೇಡವೇ?

ಬ್ಯಾಂಕಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆ. ಮುಳುಗುತ್ತಿರುವ ಸಾಲ ಉಳಿಸಲು ಅದೇ ಗಿರಾಕಿಗೆ ಇನ್ನೊಂದು ಸಾಲ. ಈಗಾಗಲೇ ಇಪ್ಪತ್ತು ಲಕ್ಷ ಕೊಟ್ಟಿದ್ದೇವೆ, ಇನ್ನೈದು ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ ಅಂತ. ಕೊಟ್ಟದ್ದು ಹೋಯಿತು, ಈಗ ಕೊಡುವ ಐದು ಲಕ್ಷ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ಅಂತಷ್ಟೇ ನೋಡಬೇಕು ಅಂತ ಹೊಸಬರಿಗೆ ಹೇಳಿಕೊಟ್ಟವಳು ನಾನು. 87,600 ಖರ್ಚಾಗಿ ಹೋಗಿತ್ತು. ಹತ್ತಿದರೂ ಅದು ಬರುವುದಿಲ್ಲ, ಇಳಿದರೂ ಬರುವುದಿಲ್ಲ. ಮುಂದಿನ ಒಂದು ಗಂಟೆಯ ಬೆಲೆ ಮಾತ್ರ ಕೈಯಲ್ಲಿತ್ತು.

ಗೈಡಿನ ಮಾತಿಗೆ ತೂಕ ಬಂದದ್ದು ಅಲ್ಲಿ. ಅವರದು ದಿನಗೂಲಿ. ಶಿಖರ ಮುಟ್ಟಿದರೂ 2,000, ಮುಟ್ಟದಿದ್ದರೂ 2,000. ಆ ನೆತ್ತಿಯ ಮೇಲೆ ಆಸೆಯೂ ಇಲ್ಲ, ಆರ್‌ಡಿಯೂ ಇಲ್ಲ. ನಮ್ಮ ಮೂವರಲ್ಲಿ ಬೆಟ್ಟವನ್ನು ಬೆಟ್ಟವಾಗಿ ನೋಡುತ್ತಿದ್ದವರು ಅವರೊಬ್ಬರೇ. ನಿಧಾನಕ್ಕೆ ಇಳಿದೆವು. ಚೋಪ್ತಾ ಮುಟ್ಟುವ ಹೊತ್ತಿಗೆ ನಮ್ಮನೆಯವರಿಗೆ ತಲೆನೋವು ಹಗುರಾಗಿ, ಬಿಸಿ ಮ್ಯಾಗಿ ಬೇಕು ಅಂದರು. ಎತ್ತರದ ಕಾಯಿಲೆಗೆ ಇಳಿಯುವುದೇ ಮೊದಲ ಮದ್ದು ಅನ್ನುವುದು ಪುಸ್ತಕದಲ್ಲಿ ಓದಿದ್ದೆ, ಅವತ್ತು ಕಂಡೆ.

ಅಣ್ಣನ ಮಗನ ಶೀಟಿಗೆ ಬರುತ್ತೇನೆ. ನಮ್ಮ ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಕುಸ್ಕೊ 3,400, ಹೆಚ್ಚುಕಡಿಮೆ ನಮ್ಮ ಲೇಹ್‌ನಷ್ಟೇ. ಅಲ್ಲಿ ಒಂದು ರಾತ್ರಿ ಮಲಗಿ ಮರುದಿನವೇ 5,036ಕ್ಕೆ ಹೋಗುವುದು ಅವನ ಯೋಜನೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. 28ರ ವಯಸ್ಸು, ಜಿಮ್ಮಿನ ಮೈ ಇದ್ದರೂ ಎತ್ತರ ಯಾರನ್ನು ಹಿಡಿಯುತ್ತದೆ ಅಂತ ಹೇಳಲಾಗದು. ಹಸಿರು ಕಾಲಂನಲ್ಲಿ ಕಡಿದ ಎರಡು ದಿನ ರಕ್ತಕ್ಕೆ ಆ ಗಾಳಿಯನ್ನು ಕಲಿಸುವ ದಿನಗಳು.

ನಾನು ಅವನಿಗೆ ಕಾಸಿಲ್ಲದ ದಾರಿಯನ್ನೂ ತೋರಿಸಿದೆ. ಮಾಚು ಪಿಚು ಇರುವುದು 2,430 ಮೀಟರಿನಲ್ಲಿ, ಕುಸ್ಕೊಗಿಂತ ಸುಮಾರು ಸಾವಿರ ಮೀಟರ್ ಕೆಳಗೆ. ನಡುವಿನ ಉರುಬಂಬಾ ಕಣಿವೆಯೂ ಕುಸ್ಕೊಗಿಂತ ತಗ್ಗು. ಅವನು ಬೆಟ್ಟವನ್ನು ಮೊದಲಿಟ್ಟು ಮಾಚು ಪಿಚುವನ್ನು ಕೊನೆಗಿಟ್ಟಿದ್ದ. ಅದನ್ನು ತಿರುಗಿಸಿ, ವಿಮಾನ ಇಳಿದ ಕೂಡಲೇ ಕಣಿವೆಗೆ ಹೋಗಿ ಅಲ್ಲಿ ಮಲಗಿ, ಮಾಚು ಪಿಚು ನೋಡಿ, ಕುಸ್ಕೊಗೆ ಮರಳಿ, ಕೊನೆಗೆ ಬಣ್ಣದ ಬೆಟ್ಟ. ಅದೇ ಟಿಕೆಟ್ಟುಗಳು, ಅದೇ ಊರುಗಳು, ಕ್ರಮ ಮಾತ್ರ ಬೇರೆ. ಅವನು ತಲೆ ಮೇಲೆ ಕೈಯಿಟ್ಟುಕೊಂಡು "ಇದು ಹೊಳೀಲೇ ಇಲ್ವಲ್ಲ ಅತ್ತೆ" ಅಂದ.

ವಿಮೆಯ ವಿಷಯ ಇನ್ನೊಂದು. ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳ ಹೊರಗಿಡುವ ಪಟ್ಟಿಯಲ್ಲಿ ಅಪಾಯಕಾರಿ ಸಾಹಸ ಕ್ರೀಡೆ ಅನ್ನುವ ಸಾಲೊಂದಿರುತ್ತದೆ, ಅದರಲ್ಲಿ ಪರ್ವತಾರೋಹಣವೂ ಸೇರಿದೆ. ಪೂರ್ತಿ ಓದಿದರೆ "ವೃತ್ತಿಪರರಾಗಿ ಭಾಗವಹಿಸಿದಲ್ಲಿ" ಅನ್ನುವ ಮಾತು ಸಿಗುತ್ತದೆ, ಹವ್ಯಾಸಕ್ಕೆ ನಡೆದವರು ಹೆದರಬೇಕಿಲ್ಲ. ಪ್ರವಾಸ ವಿಮೆಯ ಕಥೆ ಬೇರೆ. ಎಷ್ಟೋ ಪಾಲಿಸಿಗಳಲ್ಲಿ ಇಷ್ಟು ಮೀಟರಿಗಿಂತ ಮೇಲೆ ಪರಿಹಾರವಿಲ್ಲ ಅಂತ ಬರೆದಿರುತ್ತದೆ. ಅವನು ಆರಿಸಿದ್ದ ಪಾಲಿಸಿಯನ್ನು ಇಬ್ಬರೂ ಕೂತು ಓದಿದೆವು. ಹನ್ನೆರಡನೇ ಪುಟದಲ್ಲಿ ಸಿಕ್ಕಿತು, 4,000 ಮೀಟರ್. ಅವನು ಹೋಗುವುದು ಅದಕ್ಕಿಂತ ಸಾವಿರ ಮೀಟರ್ ಮೇಲೆ. ಉಳಿಸಿದ್ದ 1,400 ರೂಪಾಯಿಯ ಸಾಲನ್ನು ಅವನೇ ಅಳಿಸಿದ.

ಗೈಡಿನ ಸಾಲಿಗೆ ಬಂದಾಗ ನಾನು ಸುಮ್ಮನಿದ್ದೆ. ಅವನು ಮೂವತ್ತು ಜನರ ಗುಂಪು ತೆಗೆದು, ಎಂಟು ಜನರ ಗುಂಪು ಹುಡುಕಿ ಹಾಕಿಕೊಂಡ. ಹಸಿರು ಕಾಲಂ ಪೂರ್ತಿ ಖಾಲಿಯಾಯಿತು. ಒಟ್ಟು ಮೊತ್ತ 16,000ದಷ್ಟು ಏರಿತು.

ಸಂಜೆ ಕಾಫಿ ಕುಡಿದು ಹೊರಡುವಾಗ, ಕೋವಿಡ್ ಕಾಲದಲ್ಲಿ ಕೊಂಡು ಕಪಾಟಿನಲ್ಲಿಟ್ಟಿದ್ದ ಆಕ್ಸಿಮೀಟರ್ ತೆಗೆದು ಅವನ ಕೈಗಿತ್ತೆ. ಹೊಸ ಬ್ಯಾಟರಿ ಹಾಕಿ ನಮ್ಮನೆಯವರ ಬೆರಳಿಗೆ ಸಿಕ್ಕಿಸಿ ನೋಡಿದ. 97 ತೋರಿಸಿತು. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ. ಎರಡು ದಿನ ಹೆಚ್ಚಿಗೆ ರಜೆ ಸಿಗುತ್ತದೆಯೇ ಅಂತ ಸೋಮವಾರ ಆಫೀಸಿನಲ್ಲಿ ಕೇಳುತ್ತೇನೆ ಅಂದಿದ್ದಾನೆ.